ತೋಟದ ಪುಸ್ತಕಕ್ಕೊಂದು ಕನ್ನಡದ ಗಣಕಭಾಷೆ: ಆಂಟ್ಲರ್‌ನಿಂದ ಕಟ್ಟಿ ಪೈಥಾನ್‌ಗೂ ಎಸ್‌ಕ್ಯೂಎಲ್‌ಗೂ ಅನುವಾದಿಸುವ ಬಗೆ

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಮೂಡಿಗೆರೆ ಸೀಮೆಯ ತೋಟಗಳಲ್ಲಿ ಸಂಜೆಯೆಂದರೆ ತೂಕದ ಹೊತ್ತು. ಹಣ್ಣು ತುಂಬಿದ ಚೀಲಗಳು ಕಣದ ಅಂಚಿಗೆ ಬಂದು ಸಾಲಾಗಿ ಕೂರುತ್ತವೆ. ಮೇಸ್ತ್ರಿ ಒಬ್ಬೊಬ್ಬರ ತೂಕವನ್ನೂ ಕೂಗುತ್ತಾರೆ, ರೈಟರು ಬರೆದುಕೊಳ್ಳುತ್ತಾರೆ. ನಮ್ಮ ಚಿಕ್ಕಪ್ಪನ ತೋಟದಲ್ಲಿ ಪ್ರತಿ ವಾರ ಬಟವಾಡೆಗೆ ಮುಂಚೆ ಆ ಪುಸ್ತಕವನ್ನು ಕೂಡಿ ಕಳೆಯುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು. ಅದನ್ನು ತಪ್ಪಿಸಲು ನಾನು ಮೊದಲು ಒಂದು ಎಕ್ಸೆಲ್ ಹಾಳೆ ಮಾಡಿಕೊಟ್ಟೆ. ರೈಟರು ಎರಡು ವಾರ ಅದರಲ್ಲಿ ಬರೆದರು, ಆಮೇಲೆ ಪುಸ್ತಕಕ್ಕೇ ಮರಳಿದರು. "ಪುಸ್ತಕದಲ್ಲಿ ಒಂದು ಸಾಲು ಬರೆದರೆ ಮುಗಿಯಿತು. ಇಲ್ಲಿ ಆ ಒಂದು ಸಾಲಿಗೆ ಆರು ಮನೆ ತುಂಬಬೇಕು" ಎಂದರು.

ಆ ಮಾತು ಕೇಳಿದ ಮೇಲೆ ಪುಸ್ತಕವನ್ನು ಬೇರೆ ಕಣ್ಣಿನಿಂದ ನೋಡಿದೆ. ಪ್ರತಿ ಸಾಲಿಗೂ ಒಂದು ಕಟ್ಟು ಇತ್ತು. ಮೊದಲು ಕೆಲಸ, ಆಮೇಲೆ ಜಾಗ, ಆಮೇಲೆ ಹೆಸರು, ಕೊನೆಗೆ ಅಂಕಿ. ಎಷ್ಟೋ ವರ್ಷಗಳಿಂದ ಆ ಕ್ರಮ ಬದಲಾಗಿರಲಿಲ್ಲ. ಭಾಷೆ ಅಲ್ಲಿ ಆಗಲೇ ಇತ್ತು, ಅದರ ವ್ಯಾಕರಣವನ್ನು ಯಾರೂ ಬರೆದಿಟ್ಟಿರಲಿಲ್ಲ, ಅಷ್ಟೇ. ಈ ಮಾರ್ಗದರ್ಶಿ ಆ ವ್ಯಾಕರಣವನ್ನು ಬರೆಯುವುದು ಹೇಗೆ, ಬರೆದದ್ದನ್ನು ಪೈಥಾನ್‌ಗೂ ದತ್ತಸಂಚಯಗಳ ಭಾಷೆಯಾದ ಎಸ್‌ಕ್ಯೂಎಲ್‌ಗೂ ಅನುವಾದಿಸುವುದು ಹೇಗೆ ಎಂಬುದರ ಕುರಿತು. ಪೈಥಾನ್ ಅಲ್ಪಸ್ವಲ್ಪ ಬಲ್ಲವರು ಇದನ್ನು ಕೊನೆಯವರೆಗೆ ಮಾಡಿ ಮುಗಿಸಬಹುದು. ಎಂಜಿನಿಯರಿಂಗ್ ಓದುವಾಗ ಲೆಕ್ಸ್ ಮತ್ತು ಯಾಕ್ ಎಂಬ ಇಂಥದೇ ಹಳೆಯ ಸಲಕರಣೆಗಳನ್ನು ಮುಟ್ಟಿದವರಿಗೆ ಹಲವು ಮಾತುಗಳು ಪರಿಚಿತವೆನಿಸುತ್ತವೆ.

ಯಾವ ಸಲಕರಣೆ

ನಾನು ಬಳಸಿದ್ದು ಆಂಟ್ಲರ್. ಟೆರೆನ್ಸ್ ಪಾರ್ 1989ರಲ್ಲಿ ಇದರ ಕೆಲಸ ಆರಂಭಿಸಿದರು. ಈಗ ಬಳಕೆಯಲ್ಲಿರುವ ನಾಲ್ಕನೆಯ ಆವೃತ್ತಿ 2013ರದು. ಇದು ಮುಕ್ತ ತಂತ್ರಾಂಶ. ನಾವು ವ್ಯಾಕರಣವನ್ನು ಒಂದು ಕಡತದಲ್ಲಿ ಬರೆದುಕೊಟ್ಟರೆ, ಆ ಭಾಷೆಯನ್ನು ಓದಬಲ್ಲ ಪ್ರೋಗ್ರಾಂ ಅನ್ನು ಇದು ತಾನೇ ಬರೆದುಕೊಡುತ್ತದೆ. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್, ಗೋ, ಸಿ ಪ್ಲಸ್ ಪ್ಲಸ್ ಮೊದಲಾದ ಹತ್ತು ಭಾಷೆಗಳಲ್ಲಿ ಬೇಕಾದದ್ದನ್ನು ಆರಿಸಿಕೊಳ್ಳಬಹುದು.

ಇಂಥ ಬೇರೆ ಸಲಕರಣೆಗಳೂ ಇವೆ. ಪೈಥಾನ್ ಒಂದೇ ಸಾಕು ಎನ್ನುವವರಿಗೆ ಲಾರ್ಕ್ ಹಗುರ. ಹೊಸ ಭಾಷೆ ಕಟ್ಟುವುದನ್ನೇ ಮುಖ್ಯ ಉದ್ದೇಶವಾಗಿ ಇಟ್ಟುಕೊಂಡ ರ‍್ಯಾಕೆಟ್ ಇದೆ. ಜೆಟ್‌ಬ್ರೇನ್ಸ್‌ನ ಎಂಪಿಎಸ್ ಪಠ್ಯವನ್ನು ಓದುವ ಗೋಜಿಗೇ ಹೋಗದೆ ನೇರವಾಗಿ ಮರವನ್ನೇ, ಅಂದರೆ ಬರಹದ ಒಳರಚನೆಯನ್ನು ಕೊಂಬೆಗಳಾಗಿ ಹಿಡಿದಿಡುವ ರೂಪವನ್ನೇ, ತಿದ್ದಲು ಕೊಡುತ್ತದೆ. ನಮ್ಮ ರೈಟರು ಪುಸ್ತಕದ ಸಾಲುಗಳನ್ನೇ ಮೊಬೈಲಿನಲ್ಲಿ ಸಾದಾ ಪಠ್ಯವಾಗಿ ಬರೆಯುವವರು. ಸಾದಾ ಪಠ್ಯವನ್ನು ಓದುವ ಗಟ್ಟಿ ಸಲಕರಣೆ ಬೇಕಿತ್ತು, ಹಾಗಾಗಿ ಆಂಟ್ಲರ್.

ಹೆಜ್ಜೆ 1: ಅಳವಡಿಕೆ

ಪೈಥಾನ್ 3 ಇರಲಿ. ಪಿಪ್ ಮೂಲಕ ಎರಡು ಪೊಟ್ಟಣಗಳನ್ನು ಹಾಕಿಕೊಳ್ಳಿ: ಆಂಟ್ಲರ್4 ಟೂಲ್ಸ್ ಮತ್ತು ಆಂಟ್ಲರ್4ರ ಪೈಥಾನ್3 ರನ್‌ಟೈಮ್. ಆಂಟ್ಲರ್ ಜಾವಾದಲ್ಲಿ ಬರೆದದ್ದು. ನಿಮ್ಮ ಯಂತ್ರದಲ್ಲಿ ಜಾವಾ ಇಲ್ಲದಿದ್ದರೆ ಟೂಲ್ಸ್ ಪೊಟ್ಟಣವೇ ಅದನ್ನು ತರಿಸಿಕೊಳ್ಳುತ್ತದೆ. ಎರಡೂ ಪೊಟ್ಟಣಗಳು ಬಳಸುವ ಆಂಟ್ಲರ್ ಆವೃತ್ತಿ ಸಂಖ್ಯೆ ಒಂದೇ ಇರಲಿ, ಉದಾಹರಣೆಗೆ ಎರಡೂ 4.13.2. ಸಂಖ್ಯೆ ಬೇರೆಯಾದಾಗ ಬರುವ ದೋಷಸಂದೇಶದಿಂದ ಕಾರಣ ಸುಲಭವಾಗಿ ತಿಳಿಯುವುದಿಲ್ಲ.

ಹೆಜ್ಜೆ 2: ಪುಸ್ತಕದಿಂದ ಮಾದರಿ ಸಾಲುಗಳನ್ನು ಎತ್ತಿಕೊಳ್ಳಿ

ವ್ಯಾಕರಣ ಬರೆಯಲು ಆತುರಪಡಬೇಡಿ. ಹಳೆಯ ಪುಸ್ತಕದ ಮೂವತ್ತು ನಲವತ್ತು ಸಾಲುಗಳನ್ನು ಇದ್ದ ಹಾಗೆಯೇ, ತಿದ್ದದೆ ಬರೆದುಕೊಳ್ಳಿ. ನಮ್ಮ ಮಾದರಿ ಹೀಗಿದೆ. ಇಲ್ಲಿನ ಹೆಸರು, ದರಗಳು ಉದಾಹರಣೆಗೆ ಮಾತ್ರ:

```
ದಿನಾಂಕ 14-12-2024
ಮಳೆ 12 ಸೆಂಟ್
ದರ ಅರೇಬಿಕಾ = 5
ಕೊಯ್ಲು ಅರೇಬಿಕಾ ಕೆರೆಮೇಲು : ಲಕ್ಷ್ಮಮ್ಮ 62.5 ಕೆಜಿ, ಶಾಂತ 48 ಕೆಜಿ
ಹಾಜರಿ ಕಣ : ಗೌರಮ್ಮ 1, ರಂಗಪ್ಪ ಅರ್ಧ
ಮುಂಗಡ ಲಕ್ಷ್ಮಮ್ಮ 200
```

ಈ ಹಂತದಲ್ಲಿ ನನಗೊಂದು ಆಸೆ ಹುಟ್ಟಿತ್ತು. "ಲಕ್ಷ್ಮಮ್ಮನಿಗೆ 200 ರೂಪಾಯಿ ಮುಂಗಡ ಕೊಟ್ಟೆವು" ಎಂದು ಪೂರ್ಣ ಕನ್ನಡ ವಾಕ್ಯವನ್ನೇ ಓದಿಸಿದರೆ ಎಷ್ಟು ಚೆನ್ನ! ಆ ದಾರಿ ಹಿಡಿಯಬೇಡಿ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಹೆಸರಿಗೇ ಅಂಟಿಕೊಳ್ಳುತ್ತದೆ. ಲಕ್ಷ್ಮಮ್ಮನಿಗೆ, ರಂಗಪ್ಪನಿಗೆ, ಶಾಂತಳಿಗೆ, ಜಾನ್‌ಗೆ: ಒಂದೊಂದು ಹೆಸರಿಗೂ ಒಂದೊಂದು ರೂಪ. ಪ್ರತ್ಯಯವನ್ನು ಬಿಡಿಸಿ ಮೂಲ ಹೆಸರನ್ನು ತಪ್ಪಿಲ್ಲದೆ ಹಿಡಿಯುವುದು ಬೇರೆಯದೇ ಆದ ದೊಡ್ಡ ಕೆಲಸ. ಕೂಲಿಯ ಲೆಕ್ಕದಲ್ಲಿ ಊಹೆಗೆ ಜಾಗವಿಲ್ಲ. ರೈಟರು ಈ ತೊಡಕನ್ನು ಎಂದೋ ಬಗೆಹರಿಸಿಕೊಂಡಿದ್ದರು: ಪುಸ್ತಕದಲ್ಲಿ ಅವರು ಪ್ರತ್ಯಯ ಬರೆಯುತ್ತಲೇ ಇರಲಿಲ್ಲ. ಹೆಸರು, ಪಕ್ಕದಲ್ಲಿ ಅಂಕಿ. ಅದನ್ನೇ ಅನುಸರಿಸಿ.

ಹೆಜ್ಜೆ 3: ಪಠ್ಯವನ್ನು ಸೋಸಿಕೊಳ್ಳಿ

ಇಂಗ್ಲಿಷಿನ ಪಾಠಗಳಲ್ಲಿ ಈ ಹೆಜ್ಜೆ ಇರುವುದಿಲ್ಲ. ಕನ್ನಡಕ್ಕೆ ಇದೇ ಅಡಿಪಾಯ.

ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಪದಗಳು ಯಂತ್ರಕ್ಕೆ ಬೇರೆಬೇರೆ ಆಗಿರಬಹುದು. ‘ಕೊ’ ಎಂಬುದರ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಚಿಹ್ನೆ ಎಂದು ಎರಡಾಗಿಯೂ ಬರೆಯಬಹುದು. ಒಂದು ಕೀಲಿಮಣೆ ಮೊದಲನೆಯದನ್ನು ಕೊಟ್ಟು ಇನ್ನೊಂದು ಎರಡನೆಯದನ್ನು ಕೊಟ್ಟರೆ ‘ಕೊಯ್ಲು’ ಎಂಬ ಪದವೇ ಎರಡಾಗುತ್ತದೆ. ಪೈಥಾನ್‌ನ ಯೂನಿಕೋಡ್‌ಡೇಟಾ ಘಟಕದಲ್ಲಿರುವ ನಾರ್ಮಲೈಸ್ ಕಾರ್ಯವನ್ನು ಎನ್‌ಎಫ್‌ಸಿ ಕ್ರಮದಲ್ಲಿ ಕರೆದರೆ ಎಲ್ಲವೂ ಒಂದೇ ರೂಪಕ್ಕೆ ಬರುತ್ತವೆ.

ಎರಡನೆಯ ತೊಡಕು ಇನ್ನೂ ಸೂಕ್ಷ್ಮ. ಅರ್ಧಾಕ್ಷರ ಮುಂದಿನ ಅಕ್ಷರಕ್ಕೆ ಒತ್ತಾಗಿ ಅಂಟದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಸಂಕೇತವಿದೆ. ಜಾನ್‌ಗೆ ಎಂದು ಬರೆಯುವಾಗ ನಡುವೆ ಇರುವುದು ಅದೇ. ಕೆಲವು ಕೀಲಿಮಣೆಗಳು ಅದನ್ನು ಪದದ ಕೊನೆಯಲ್ಲೂ ಸೇರಿಸುತ್ತವೆ. ಆಗ ‘ಸೆಂಟ್’ ಎಂಬುದು ನೋಡಲು ಸೆಂಟ್ ಆಗಿಯೇ ಇರುತ್ತದೆ, ಆದರೆ ನಮ್ಮ ವ್ಯಾಕರಣದ ಸೆಂಟ್‌ಗೆ ಹೊಂದುವುದಿಲ್ಲ. ಎನ್‌ಎಫ್‌ಸಿ ಇದನ್ನು ತೆಗೆಯುವುದಿಲ್ಲ. ಪದದ ಕೊನೆಯಲ್ಲಿರುವ ಆ ಸಂಕೇತವನ್ನು ನಾವೇ ಅಳಿಸಬೇಕು. ಪದದ ನಡುವೆ ಇದ್ದರೆ ಬಿಡಿ, ಅಲ್ಲಿ ಅದಕ್ಕೆ ಕೆಲಸವಿದೆ.

ಕಡತ ಓದುವಾಗಲೇ ಅದರ ಸಂಕೇತಕ್ರಮ ಯುಟಿಎಫ್-8 ಎಂದು ಸ್ಪಷ್ಟವಾಗಿ ಹೇಳಿ. ಪೈಥಾನ್ ರನ್‌ಟೈಮ್‌ನ ಫೈಲ್‌ಸ್ಟ್ರೀಮ್ ನಾವೇನೂ ಹೇಳದಿದ್ದರೆ ಇಂಗ್ಲಿಷ್ ಅಕ್ಷರಗಳನ್ನಷ್ಟೇ ಬಲ್ಲ ಆಸ್ಕಿ ಎಂದು ಭಾವಿಸುತ್ತದೆ, ಮೊದಲ ಕನ್ನಡ ಅಕ್ಷರಕ್ಕೇ ನಿಂತುಬಿಡುತ್ತದೆ. ಕಡತವನ್ನು ನಾವೇ ಓದಿ, ಸೋಸಿ, ಆಮೇಲೆ ಇನ್‌ಪುಟ್‌ಸ್ಟ್ರೀಮ್‌ಗೆ ಕೊಡುವುದು ಲೇಸು. ಕಡತದ ಆರಂಭದಲ್ಲಿ ಕೆಲವು ಸಂಪಾದಕಗಳು ಸೇರಿಸುವ ಬೈಟ್ ಕ್ರಮದ ಗುರುತನ್ನೂ (ಬಿಒಎಂ) ಆಗಲೇ ತೆಗೆಯಿರಿ. ಕೊನೆಯ ಸಾಲಿನ ನಂತರ ಒಂದು ಸಾಲುಮುರಿತ ಸೇರಿಸಿ.

ಹೆಜ್ಜೆ 4: ಟೋಕನ್‌ಗಳು

ಆಂಟ್ಲರ್ ಮೊದಲು ಪಠ್ಯವನ್ನು ತುಂಡು ಮಾಡುತ್ತದೆ. ಒಂದೊಂದು ತುಂಡೂ ಒಂದು ಟೋಕನ್. ನಮಗೆ ಬೇಕಾದವು ಸ್ವಲ್ಪವೇ: ದಿನಾಂಕ, ಅಂಕಿ, ಹೆಸರು, ಸಾಲುಮುರಿತ. ‘ಮಳೆ’, ‘ಕೊಯ್ಲು’ಗಳಂಥ ಮೀಸಲು ಪದಗಳನ್ನು ನಿಯಮದ ಒಳಗೆ ಉದ್ಧರಣ ಚಿಹ್ನೆಯಲ್ಲಿಟ್ಟರೆ ಸಾಕು. ಖಾಲಿ ಜಾಗವನ್ನು ಬಿಟ್ಟುಬಿಡಲು ಹೇಳಿ, ಆದರೆ ಸಾಲುಮುರಿತವನ್ನು ಬಿಡಬೇಡಿ. ನಮ್ಮ ಭಾಷೆಯಲ್ಲಿ ಸಾಲು ಮುಗಿದರೆ ಮಾತು ಮುಗಿದಂತೆ. ಒಟ್ಟಿಗೆ ಬರುವ ಹಲವು ಸಾಲುಮುರಿತಗಳನ್ನು ಒಂದೇ ಟೋಕನ್ ಮಾಡಿದರೆ ನಡುವೆ ಖಾಲಿ ಸಾಲು ಬಿಟ್ಟರೂ ತೊಂದರೆಯಿಲ್ಲ.

ತುಂಡು ಮಾಡುವಾಗ ಆಂಟ್ಲರ್ ಪಾಲಿಸುವ ನಿಯಮ ಎರಡು. ಅತಿ ಉದ್ದವಾಗಿ ಹೊಂದುವ ಟೋಕನ್ ಗೆಲ್ಲುತ್ತದೆ. ಉದ್ದ ಸಮವಾದರೆ ವ್ಯಾಕರಣದಲ್ಲಿ ಮೊದಲು ಬಂದದ್ದು ಗೆಲ್ಲುತ್ತದೆ. ಇದರಿಂದಲೇ 14-12-2024 ಎಂಬುದು ಕಳೆಯುವ ಲೆಕ್ಕವಾಗದೆ ದಿನಾಂಕವಾಗಿ ಉಳಿಯುತ್ತದೆ.

ಇದೇ ನಿಯಮ ನನ್ನನ್ನು ಒಮ್ಮೆ ಕೆಡವಿತು. ಹೆಸರು ಎಂಬ ಟೋಕನ್‌ಗೆ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳ ಇಡೀ ವಿಭಾಗವನ್ನು ಕೊಟ್ಟಿದ್ದೆ. ಕನ್ನಡ ಅಂಕಿಗಳೂ ಅದೇ ವಿಭಾಗದಲ್ಲಿವೆ ಎಂಬುದನ್ನು ಯೋಚಿಸಲಿಲ್ಲ. ಒಂದು ಶುಕ್ರವಾರ ರೈಟರು ಒಬ್ಬ ಹೆಂಗಸಿನ ತೂಕವನ್ನು ಜಾಗ ಬಿಡದೆ ‘೬೨ಕೆಜಿ’ ಎಂದು ಬರೆದರು. ಉದ್ದನೆಯದು ಗೆದ್ದು, ಅಷ್ಟೂ ಸೇರಿ ಒಂದು ‘ಹೆಸರು’ ಆಯಿತು. ಆಂಟ್ಲರ್ ದೋಷವನ್ನು ಟರ್ಮಿನಲ್‌ನಲ್ಲಿ ಮುದ್ರಿಸಿ, ಸಾವರಿಸಿಕೊಂಡು ಮುಂದೆ ಹೋಯಿತು. ನಾನು ಟರ್ಮಿನಲ್ ನೋಡಿರಲಿಲ್ಲ. ಮರುದಿನ ಬಟವಾಡೆಯಲ್ಲಿ ಆ ಹೆಂಗಸು ಹಣ ಎಣಿಸಿ, "ಸಣ್ಣಯ್ಯ, ಶುಕ್ರವಾರದ ನನ್ನ ತೂಕ ಬಂದಿಲ್ಲ" ಎಂದರು. ಅವರಿಗೆ ನೆನಪಿದ್ದುದರಿಂದ ಸರಿಹೋಯಿತು. ನೆನಪಿಲ್ಲದಿದ್ದರೆ ಒಂದು ದಿನದ ದುಡಿಮೆ ನನ್ನ ಒಂದು ಸಾಲಿನ ತಪ್ಪಿನಲ್ಲಿ ಕಾಣೆಯಾಗುತ್ತಿತ್ತು. ಈಗಲೂ ಅದನ್ನು ನೆನೆದರೆ ಸಂಕಟವಾಗುತ್ತದೆ.

ಆದ್ದರಿಂದ ಹೆಸರಿನ ಟೋಕನ್ ಅಕ್ಷರದಿಂದಲೇ ಆರಂಭವಾಗಲಿ. ಆಮೇಲೆ ಅಕ್ಷರ, ಸ್ವರಚಿಹ್ನೆ, ಅರ್ಧಾಕ್ಷರದ ಚಿಹ್ನೆ ಮತ್ತು ಮೇಲೆ ಹೇಳಿದ ಕಾಣದ ಸಂಕೇತ ಮಾತ್ರ ಬರಲಿ, ಅಂಕಿ ಬೇಡ. ಯೂನಿಕೋಡ್‌ನ ಅಕ್ಷರವರ್ಗ, ಚಿಹ್ನೆವರ್ಗಗಳನ್ನು ಆಂಟ್ಲರ್ ನೇರವಾಗಿ ಬಲ್ಲದು, ಅವನ್ನೇ ಬಳಸಿ. ಅಂಕಿಯ ಟೋಕನ್‌ನಲ್ಲಿ 0-9 ಜೊತೆಗೆ ೦-೯ ಕೂಡ ಇರಲಿ. ಪರಿವರ್ತನೆಯ ಚಿಂತೆ ಬೇಡ. ಪೈಥಾನ್‌ನ ಇಂಟ್, ಡೆಸಿಮಲ್ ಎರಡೂ ಕನ್ನಡ ಅಂಕಿಗಳನ್ನು ಹಾಗೆಯೇ ಓದಿಕೊಳ್ಳುತ್ತವೆ.

ಹೆಜ್ಜೆ 5: ನಿಯಮಗಳು

ಆಂಟ್ಲರ್‌ನಲ್ಲಿ ನಿಯಮಗಳ ಹೆಸರನ್ನು ಕನ್ನಡದಲ್ಲೇ ಬರೆಯಬಹುದು. ಟೋಕನ್‌ಗಳ ಹೆಸರು ಮಾತ್ರ ದೊಡ್ಡಕ್ಷರದಿಂದ ಆರಂಭವಾಗಬೇಕು, ಕನ್ನಡದಲ್ಲಿ ದೊಡ್ಡಕ್ಷರ ಎಂಬುದಿಲ್ಲ. ಹಾಗಾಗಿ ಅವಕ್ಕೆ ಇಂಗ್ಲಿಷ್ ಹೆಸರು ಅನಿವಾರ್ಯ. ಅವನ್ನು ‘ಅಂಕಿ’, ‘ಹೆಸರು’, ‘ದಿನಾಂಕ’, ‘ಕೊನೆ’ ಎಂಬ ಪುಟ್ಟ ನಿಯಮಗಳ ಒಳಗೆ ಮುಚ್ಚಿಟ್ಟರೆ ಉಳಿದ ವ್ಯಾಕರಣವೆಲ್ಲ ಕನ್ನಡದಲ್ಲೇ ಇರುತ್ತದೆ:

```
ದಿನ : 'ದಿನಾಂಕ' ದಿನಾಂಕ ಕೊನೆ ಸಾಲು* ;
ಸಾಲು : ಮಳೆಸಾಲು | ದರಸಾಲು | ಕೊಯ್ಲುಸಾಲು | ಹಾಜರಿಸಾಲು | ಮುಂಗಡಸಾಲು | ಸೂತ್ರ ;
ಮಳೆಸಾಲು : 'ಮಳೆ' (ಅಂಕಿ 'ಇಂಚು')? (ಅಂಕಿ 'ಸೆಂಟ್')? ಕೊನೆ ;
ದರಸಾಲು : 'ದರ' ಹೆಸರು '=' ಅಂಕಿ ಕೊನೆ ;
ಕೊಯ್ಲುಸಾಲು : 'ಕೊಯ್ಲು' ಹೆಸರು ಹೆಸರು ':' ತೂಕ (',' ತೂಕ)* ಕೊನೆ ;
ತೂಕ : ಹೆಸರು ಅಂಕಿ ('ಕೆಜಿ' | 'ಕೆ.ಜಿ.' | 'ಕಿಲೋ') ;
ಹಾಜರಿಸಾಲು : 'ಹಾಜರಿ' ಹೆಸರು ':' ಆಳು (',' ಆಳು)* ಕೊನೆ ;
ಆಳು : ಹೆಸರು (ಅಂಕಿ | 'ಅರ್ಧ' | 'ಕಾಲು' | 'ಮುಕ್ಕಾಲು') ;
ಮುಂಗಡಸಾಲು : 'ಮುಂಗಡ' ಹೆಸರು ಅಂಕಿ ಕೊನೆ ;
ಸೂತ್ರ : 'ಕೂಲಿ' '=' ಲೆಕ್ಕ ಕೊನೆ ;
ಲೆಕ್ಕ : ಲೆಕ್ಕ ('*' | '/') ಲೆಕ್ಕ
      | ಲೆಕ್ಕ ('+' | '-') ಲೆಕ್ಕ
      | '(' ಲೆಕ್ಕ ')'
      | ಅಂಕಿ
      | ಹೆಸರು ;
```

ಇವೆಲ್ಲಕ್ಕೂ ಮೇಲೆ ‘ಪುಸ್ತಕ’ ಎಂಬ ನಿಯಮ: ಒಂದು ಅಥವಾ ಹೆಚ್ಚು ದಿನ, ಅದರ ನಂತರ ‘ಕಡತ ಮುಗಿಯಿತು’ ಎಂಬ ಆಂಟ್ಲರ್‌ನ ಸಿದ್ಧ ಟೋಕನ್. ಈ ಕೊನೆಯ ಟೋಕನ್ ಮರೆತರೆ ಪಾರ್ಸರ್ (ನಿಯಮಗಳ ಪ್ರಕಾರ ಟೋಕನ್‌ಗಳನ್ನು ಓದಿ ಮರ ಕಟ್ಟುವ ಭಾಗ) ತನಗೆ ಅರ್ಥವಾದಷ್ಟು ಓದಿ, ಉಳಿದದ್ದನ್ನು ಸದ್ದಿಲ್ಲದೆ ಬಿಟ್ಟುಬಿಡಬಹುದು.

‘ಲೆಕ್ಕ’ ನಿಯಮದಲ್ಲಿ ಗುಣಾಕಾರ ಸಂಕಲನಕ್ಕಿಂತ ಮೇಲಿನ ಸಾಲಿನಲ್ಲಿರುವುದನ್ನು ಗಮನಿಸಿ. ಮೇಲಿದ್ದದ್ದಕ್ಕೆ ಆದ್ಯತೆ ಹೆಚ್ಚು. ಅದರಿಂದ ಈ ಸೂತ್ರ ಗಣಿತದ ಪದ್ಧತಿಯಂತೆಯೇ ನಡೆಯುತ್ತದೆ:

```
ಕೂಲಿ = ಕೊಯ್ಲುಹಣ + ಹಾಜರಿ * ದಿನಗೂಲಿ - ಮುಂಗಡ
```

ಈ ಸೂತ್ರದಲ್ಲೇ ಒಂದು ಗಂಟು ಇದೆ. ‘ಹಾಜರಿ’, ‘ಮುಂಗಡ’ ಎರಡೂ ಮೀಸಲು ಪದಗಳು, ಆದ್ದರಿಂದ ‘ಹೆಸರು’ ಬರಬೇಕಾದ ಜಾಗದಲ್ಲಿ ಅವು ಹೊಂದುವುದಿಲ್ಲ. ಕೊಯ್ಲಿನ ಕೊನೆಯ ದಿನಗಳಲ್ಲಿ ಗಿಡದಲ್ಲಿ ಹಣ್ಣು ತೆಳುವಾದಾಗ ನಮ್ಮಲ್ಲಿ ತೂಕ ಬಿಟ್ಟು ದಿನಗೂಲಿ ಕೊಡುತ್ತಾರೆ. ಆಗ ರೈಟರು ಬರೆಯುವುದು ‘ಹಾಜರಿ ಕೊಯ್ಲು : ...’ ಎಂದು. ಅಲ್ಲೂ ಇದೇ ಗಂಟು. ‘ಹೆಸರು’ ನಿಯಮದ ಒಳಗೆ ಹೆಸರಿನ ಟೋಕನ್ ಜೊತೆಗೆ 'ಕೊಯ್ಲು' | 'ಹಾಜರಿ' | 'ಮುಂಗಡ' ಎಂದು ಸೇರಿಸಿದರೆ ಬಿಡುತ್ತದೆ. ‘ಕೊಯ್ಲುಹಣ’ ಎಂಬುದಕ್ಕೆ ಏನೂ ಮಾಡಬೇಕಾಗಿಲ್ಲ, ಉದ್ದನೆಯದು ಗೆಲ್ಲುವ ನಿಯಮ ಅದನ್ನು ಕಾಯುತ್ತದೆ.

ನಿಯಮದ ಹೆಸರುಗಳಲ್ಲಿ ಆ ಕಾಣದ ಸಂಕೇತ ಬರದಂತೆ ನೋಡಿಕೊಳ್ಳಿ. ಪೈಥಾನ್ 3 ಕನ್ನಡದ ಹೆಸರುಗಳನ್ನು ಒಪ್ಪುತ್ತದೆ, ಆ ಸಂಕೇತವನ್ನು ಒಪ್ಪುವುದಿಲ್ಲ.

ಹೆಜ್ಜೆ 6: ತಪ್ಪು ಕಂಡರೆ ನಿಲ್ಲಿಸಿ, ಕನ್ನಡದಲ್ಲಿ ಹೇಳಿ

ವ್ಯಾಕರಣದ ಕಡತವನ್ನು ಆಂಟ್ಲರ್‌ಗೆ ಕೊಡಿ. ಭಾಷೆ ಪೈಥಾನ್3, ಕಡತದ ಸಂಕೇತಕ್ರಮ ಯುಟಿಎಫ್-8, ವಿಸಿಟರ್ (ಮರದ ಕೊಂಬೆಗಳನ್ನು ಒಂದೊಂದಾಗಿ ಸುತ್ತಿಬರುವ ಭಾಗ) ಬೇಕು ಎಂಬ ಮೂರೂ ಆಯ್ಕೆಗಳನ್ನು ಹೇಳಿ. ಲೆಕ್ಸರ್ (ಟೋಕನ್‌ಗಳಾಗಿ ತುಂಡು ಮಾಡುವ ಭಾಗ), ಪಾರ್ಸರ್, ವಿಸಿಟರ್ ಕಡತಗಳು ಸಿದ್ಧವಾಗುತ್ತವೆ. ಅವುಗಳನ್ನು ಕೈಯಿಂದ ತಿದ್ದಬೇಡಿ. ಮುಂದಿನ ಸಲ ವ್ಯಾಕರಣ ಬದಲಾಯಿಸಿ ಓಡಿಸಿದಾಗ ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ.

ಈಗ ಲೆಕ್ಸರ್ ಮತ್ತು ಪಾರ್ಸರ್ ಎರಡರಿಂದಲೂ ಮೂಲ ದೋಷ ಕೇಳುಗವನ್ನು (ದೋಷ ಬಂದಾಗ ತಿಳಿಸುವ ಭಾಗ, ಎರರ್ ಲಿಸನರ್) ತೆಗೆದು ನಿಮ್ಮದನ್ನು ಸೇರಿಸಿ. ಪಾರ್ಸರ್ ಒಂದಕ್ಕೇ ಸೇರಿಸಿ ಸುಮ್ಮನಾದರೆ ಲೆಕ್ಸರ್‌ನ ದೋಷಗಳು ಹಿಂದಿನಂತೆ ಟರ್ಮಿನಲ್‌ಗೆ ಹೋಗುತ್ತಲೇ ಇರುತ್ತವೆ. ಒಂದೇ ಒಂದು ದೋಷ ಕಂಡರೂ ಆ ವಾರದ ಲೆಕ್ಕ ಮುಂದೆ ಹೋಗಬಾರದು. ಶುಕ್ರವಾರದ ಆ ತೂಕದ ನಂತರ ಇದನ್ನು ನಾನು ಸಡಿಲಿಸಿಲ್ಲ.

ದೋಷ ಎಲ್ಲಿದೆ ಎಂದು ತಿಳಿಸುವಾಗ ಸಾಲಿನ ಸಂಖ್ಯೆ ಕೊಡಿ, ಅಕ್ಷರದ ಸ್ಥಾನ ಕೊಡಬೇಡಿ. ಆಂಟ್ಲರ್ ಎಣಿಸುವುದು ಯೂನಿಕೋಡ್ ಸಂಕೇತಗಳನ್ನು. ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದು ಅಕ್ಷರ, ಅದರ ಎಣಿಕೆಯಲ್ಲಿ ಆರು. "27ನೆಯ ಅಕ್ಷರದಲ್ಲಿ ತಪ್ಪು" ಎಂದರೆ ರೈಟರು ಎಣಿಸುತ್ತಾ ಕೂರಬೇಕು, ಎಣಿಸಿದರೂ ಸಿಗುವುದಿಲ್ಲ. ತಪ್ಪಾದ ಪದವನ್ನೇ ಎತ್ತಿ ತೋರಿಸಿ: "4ನೆಯ ಸಾಲು: ‘ಶಾಂತ’ ಎಂಬ ಹೆಸರಿನ ಮುಂದೆ ತೂಕ ಇಲ್ಲ." ಸಾಮಾನ್ಯವಾಗಿ ಆಗುವ ಐದಾರು ತಪ್ಪುಗಳಿಗೆ ಇಂಥ ವಾಕ್ಯಗಳನ್ನು ಬರೆದಿಟ್ಟರೆ ಹೆಚ್ಚಿನ ಕೆಲಸ ಮುಗಿಯುತ್ತದೆ.

ಹೆಜ್ಜೆ 7: ನಡುವಿನ ಮರ

ಆಂಟ್ಲರ್ ಕೊಡುವ ಮರದಲ್ಲಿ ಅಲ್ಪವಿರಾಮವೂ ಇರುತ್ತದೆ, ‘ಕೆಜಿ’ ಎಂಬ ಪದವೂ ಇರುತ್ತದೆ. ಅದು ಬರಹದ ಮರ. ಅನುವಾದಕ್ಕೆ ಬೇಕಾದದ್ದು ಅರ್ಥದ ಮರ. ವಿಸಿಟರ್ ಬರೆದು, ಪ್ರತಿ ನಿಯಮಕ್ಕೂ ಒಂದು ಪುಟ್ಟ ಡೇಟಾಕ್ಲಾಸ್ (ಮಾಹಿತಿಯನ್ನು ಹೆಸರಿಟ್ಟು ಹಿಡಿದಿಡುವ ಪೈಥಾನ್ ರಚನೆ) ಹುಟ್ಟಿಸಿ. ತೂಕ ಎಂದರೆ ಯಾರು, ಯಾವ ತಳಿ, ಯಾವ ಜಾಗ, ಎಷ್ಟು ಗ್ರಾಂ, ಆ ದಿನದ ದರ ಎಷ್ಟು. ಇಷ್ಟೇ.

ಘಟಕಗಳನ್ನು ಇಲ್ಲೇ ಒಂದಾಗಿಸಿ. ತೂಕ ಗ್ರಾಂನಲ್ಲಿ, ಹಣ ಪೈಸೆಯಲ್ಲಿ, ಎರಡೂ ಪೂರ್ಣಾಂಕ. 62.5 ಕೆಜಿ ಎಂದರೆ 62500 ಗ್ರಾಂ. ಮಳೆಯ ವಿಷಯದಲ್ಲಿ ಇದು ಸೊಗಸಾಗಿ ಹೊಂದುತ್ತದೆ. ನಮ್ಮ ತೋಟಗಾರರ ಮಾತಿನಲ್ಲಿ ಮಳೆ ಇಂಚು ಮತ್ತು ಸೆಂಟ್‌ಗಳಲ್ಲಿ ಬೀಳುತ್ತದೆ, ನೂರು ಸೆಂಟ್‌ಗೆ ಒಂದು ಇಂಚು. ಹವಾಮಾನ ವರದಿ ಮಿಲಿಮೀಟರ್‌ನಲ್ಲಿ ಬರುತ್ತದೆ. ಇಂಚಿಗೆ 25.4 ಮಿಲಿಮೀಟರ್, ಅಂದರೆ 1 ಇಂಚು 20 ಸೆಂಟ್ ಮಳೆ 30.48 ಮಿಲಿಮೀಟರ್ ಆಗುತ್ತದೆ. ಮರದಲ್ಲಿ ಸೆಂಟ್ ಇಟ್ಟುಕೊಂಡು, ಹೊರಗೆ ಕಳಿಸುವಾಗ ಮಾತ್ರ ಮಿಲಿಮೀಟರ್ ಮಾಡಿ.

ದರವನ್ನು ಪ್ರತಿ ತೂಕದ ಜೊತೆಗೇ ಏಕೆ ಇಡಬೇಕು? ಅರೇಬಿಕಾ ಮುಗಿಯುವ, ರೋಬಸ್ಟಾ ಆರಂಭವಾಗುವ ವಾರದಲ್ಲಿ ಎರಡು ದರ ಇರುತ್ತವೆ. ವಾರದ ನಡುವೆ ದರ ಏರಿಸುವುದೂ ಉಂಟು. ದರವನ್ನು ಒಂದೇ ಕಡೆ ಬರೆದಿಟ್ಟು ಕೊನೆಯಲ್ಲಿ ಗುಣಿಸಿದರೆ ಬುಧವಾರ ಏರಿಸಿದ ದರ ಸೋಮವಾರದ ತೂಕಕ್ಕೂ ತಗಲುತ್ತದೆ.

ಹೆಜ್ಜೆ 8: ಅನುವಾದ

ಮರ ಸರಿಯಾಗಿದ್ದರೆ ಒಂದೊಂದು ಗುರಿಭಾಷೆಗೂ ಒಂದು ಚಿಕ್ಕ ಬರಹಗಾರ ಕಾರ್ಯ ಸಾಕು. ಪುಸ್ತಕದಿಂದ ನೇರವಾಗಿ ಎಸ್‌ಕ್ಯೂಎಲ್ ಬರೆಸಿ, ಬೇರೆಯಾಗಿ ಪುಸ್ತಕದಿಂದ ಪೈಥಾನ್ ಬರೆಸಿದರೆ ಒಂದೊಂದು ತಪ್ಪನ್ನೂ ಎರಡೆರಡು ಕಡೆ ತಿದ್ದಬೇಕಾಗುತ್ತದೆ.

ಪೈಥಾನ್‌ಗೆ ಅನುವಾದ ಸುಲಭ. ‘ಲೆಕ್ಕ’ದ ಮರವನ್ನು ಎಲೆಗಳಿಂದ ಬೇರಿನ ಕಡೆಗೆ ಬರೆಯುತ್ತಾ ಬನ್ನಿ, ಪ್ರತಿ ಕೊಂಬೆಗೂ ಆವರಣ ಹಾಕಿ. ಆವರಣ ಹೆಚ್ಚಾದರೆ ನಷ್ಟವಿಲ್ಲ, ಕಡಿಮೆಯಾದರೆ ಕೂಲಿ ತಪ್ಪುತ್ತದೆ.

ಎಸ್‌ಕ್ಯೂಎಲ್ ಓದುವ ಪುಟ್ಟ ದತ್ತಸಂಚಯ ತಂತ್ರಾಂಶವಾದ ಎಸ್‌ಕ್ಯೂಲೈಟ್‌ಗೆ ಅನುವಾದಿಸುವಾಗ ಎಚ್ಚರ ಬೇಕು. ಪೈಥಾನ್‌ನಲ್ಲಿ 5 / 2 ಎಂದರೆ 2.5. ಎಸ್‌ಕ್ಯೂಲೈಟ್‌ನಲ್ಲಿ ಎರಡೂ ಪೂರ್ಣಾಂಕವಾಗಿದ್ದರೆ 5 / 2 ಎಂದರೆ 2. ಚಿಹ್ನೆ ಒಂದೇ, ಅರ್ಥ ಬೇರೆ. ಕನ್ನಡದಿಂದ ತುಳುವಿಗೆ ಅನುವಾದಿಸುವವರು ಒಂದೇ ರೀತಿ ಕೇಳುವ ಪದಕ್ಕೆ ಮೋಸಹೋಗಬಾರದಲ್ಲ, ಹಾಗೆಯೇ ಇಲ್ಲಿಯೂ. ನಾವು ಗ್ರಾಂ ಮತ್ತು ಪೈಸೆಯನ್ನು ಪೂರ್ಣಾಂಕವಾಗಿಯೇ ಇಟ್ಟಿರುವುದರಿಂದ ಈ ಅಪಾಯ ಎದುರಿಗೇ ನಿಂತಿದೆ. ಭಾಗಾಕಾರದ ಕೊಂಬೆ ಬಂದಾಗಲೆಲ್ಲ ಎಡಬದಿಯನ್ನು 1.0ರಿಂದ ಗುಣಿಸಿ ಬರೆಸಿ. ಪೈಸೆಗೆ ಸರಿಹೊಂದಿಸುವ ಕೆಲಸವನ್ನು ಎರಡೂ ಭಾಷೆಗಳಿಗೆ ಬಿಡದೆ ನಡುವಿನ ಮರದಲ್ಲಿ ಒಂದೇ ಕಡೆ ಮಾಡಿ. ಹೆಸರುಗಳನ್ನು ಎಸ್‌ಕ್ಯೂಎಲ್ ವಾಕ್ಯದೊಳಗೆ ಅಂಟಿಸಬೇಡಿ, ಅವುಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯಿಟ್ಟು ಹೆಸರನ್ನು ಪ್ರತ್ಯೇಕವಾಗಿ ಕಳಿಸಿ.

ಮೂರನೆಯ ಗುರಿಭಾಷೆಯಾಗಿ ನಿಮ್ಮ ಕನ್ನಡ ಪುಸ್ತಕವನ್ನೇ ಇಟ್ಟುಕೊಳ್ಳಿ. ಮರದಿಂದ ಮತ್ತೆ ಪುಸ್ತಕದ ಸಾಲು ಬರೆಸುವ ಕಾರ್ಯವದು. ಪುಸ್ತಕ ಓದಿಸಿ, ಮರ ಮಾಡಿಸಿ, ಆ ಮರದಿಂದ ಪುಸ್ತಕ ಬರೆಸಿ, ಅದನ್ನು ಮತ್ತೆ ಓದಿಸಿದಾಗ ಬರುವ ಮರ ಮೊದಲಿನದರಂತೆಯೇ ಇರಬೇಕು. ನಾನು ಕಂಡ ಪರೀಕ್ಷೆಗಳಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ತಪ್ಪು ಹಿಡಿದುಕೊಡುವುದು ಇನ್ನೊಂದಿಲ್ಲ. ‘ಅರ್ಧ’ ಎಂಬುದನ್ನು 0.5 ಎಂದು ಓದಿ, ‘ಕಾಲು’ ಎಂದು ಬರೆಯುತ್ತಿದ್ದ ನನ್ನ ತಪ್ಪು ಸಿಕ್ಕಿದ್ದು ಇದರಲ್ಲೇ.

ಹೆಜ್ಜೆ 9: ಹೊಸ ಪದ ಸೇರಿಸುವಾಗ

ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂಬಿಡಲು ಬೇಕಾದ ಹೂಮಳೆಗೆ ಕಾಯುವ ಕಾಲ ಬರುತ್ತದೆ. ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಿ ನೀರು ಹಾಯಿಸುತ್ತಾರೆ, ರೈಟರಿಗೆ ‘ನೀರು’ ಎಂಬ ಹೊಸ ಸಾಲು ಬೇಕಾಗುತ್ತದೆ. ಸೇರಿಸುವುದು ಸುಲಭ, ಆದರೆ ಹೊಸ ಮೀಸಲು ಪದ ಹುಟ್ಟಿದ ಕ್ಷಣದಿಂದ ಅದು ಹೆಸರಾಗಿ ಬಂದಿದ್ದ ಹಳೆಯ ಸಾಲುಗಳು ಮುರಿಯುತ್ತವೆ. ಹಿಂದೊಮ್ಮೆ ಯಾರಾದರೂ ‘ಹಾಜರಿ ನೀರು : ...’ ಎಂದು ಬರೆದಿರಬಹುದು. ಆದ್ದರಿಂದ ಹಳೆಯ ವಾರಗಳ ಕಡತಗಳನ್ನೆಲ್ಲ ಒಂದು ಕಡೆ ಜೋಪಾನವಾಗಿಡಿ, ಪ್ರತಿ ವಾರ ಕೊಟ್ಟ ಕೂಲಿಯ ಪಟ್ಟಿಯನ್ನೂ ಅವುಗಳ ಪಕ್ಕದಲ್ಲೇ ಇಡಿ. ವ್ಯಾಕರಣ ಬದಲಾದಾಗಲೆಲ್ಲ ಅಷ್ಟನ್ನೂ ಮತ್ತೆ ಓಡಿಸಿ ಪಟ್ಟಿಯ ಜೊತೆ ತಾಳೆ ನೋಡಿ. ಒಂದು ಪೈಸೆ ವ್ಯತ್ಯಾಸ ಬಂದರೂ ಹೊಸ ವ್ಯಾಕರಣ ರೈಟರ ಮೊಬೈಲಿಗೆ ಹೋಗಬಾರದು. ಈ ಕೆಲಸವನ್ನು ಶುಕ್ರವಾರ ರಾತ್ರಿಗೆ ಇಟ್ಟುಕೊಳ್ಳಬೇಡಿ. ಬಟವಾಡೆ ಮುಗಿದ ಮರುದಿನ, ಭಾನುವಾರ ಮಾಡಿ.